ತಿರುಗಿ ಬಂದ ಅಕ್ಷತೆ

ಮನಸಾರೆ ಹರಸದವರ ಅಕ್ಷತೆ ತಿರುಗಿ ಅವರ ತಲೆಗೇ ಬೀಳುವುದು ಈಗ ಹೊಸದೇನಲ್ಲ. ಅದಕ್ಕೇ ಊಟಕ್ಕಷ್ಟೇ ಬಂದವರು ಪೇಟ ಸುತ್ತಿಕೊಂಡಿದ್ದರು. ಹಳೆಯ ಅರಮನೆಯ ಅಂಗಳದಲ್ಲಿ ಡ್ರೋನ್ ಕ್ಯಾಮೆರಾ ಮದುಮಕ್ಕಳಿಗೆ ಪ್ರದಕ್ಷಿಣೆ ಹಾಕುತ್ತಿತ್ತು.

ಗಟ್ಟಿಮೇಳ ಮೊಳಗಿತು. ಮದುಮಗಳ ತಾಯಿ ಸರಸಮ್ಮ ಎಸೆದ ಅಷ್ಟೂ ಅಕ್ಷತೆ ಹಿಂದಿರುಗಿ ಅವರ ಮಲ್ಲಿಗೆ ದಂಡೆಯ ಮೇಲೆ ಸುರಿಯಿತು. "ಅಳಿಯ ಬೇರೆ ಜಾತಿ ಆದ್ರೇನು, ನಂಗೆ ಪೂರ್ತಿ ಒಪ್ಪಿಗೆ" ಎಂದು ಊರಿಗೆಲ್ಲ ಸಾರಿದ್ದವರು ನಾಚಿ ತಲೆ ತಗ್ಗಿಸಿದರು.

"ಅತ್ತಿಗೆ, ತಲೆ ಮೇಲೇ ಚಿತ್ರಾನ್ನ ರೆಡಿ!" ನಾದಿನಿ ಕಿಸಕ್ಕೆಂದಳು.

ಮದುಮಗಳು ಚಾರ್ವಿ ಗಂಡನನ್ನು ಕರೆದುಕೊಂಡು ಮಂಟಪದಿಂದ ಇಳಿದು ಬಂದಳು. "ಅಮ್ಮ, ಇನ್ನೊಂದ್ಸಲ ಹಾಕು."

ಸರಸಮ್ಮ ಕಣ್ಮುಚ್ಚಿ ಹಾಕಿದರು. ಮಗಳ ತಲೆಯ ಮೇಲಿನ ಕಾಳು ನಿಂತವು. ಅಳಿಯನ ಮೇಲಿನವು ಮತ್ತೆ ಹಾರಿದವು.

ಹಾರುತ್ತಿದ್ದ ಒಂದನ್ನು ಅವನು ಕೂದಲಿಗೆ ಒತ್ತಿ ಹಿಡಿದ.

"ಸದ್ಯಕ್ಕೆ ಇದೊಂದು ಇರ್ಲಿ ಅತ್ತೆ."