ಬೀರುವಿನ ಹಿಂದಿನ ಆನೆ

ಊರಿನ ಎಲ್ಲ ಮನೆಗಳ ಹಾಗೆ ಈ ಬಾಡಿಗೆ ಮನೆಯ ಗೋಡೆಗೂ ಚಿನ್ನದ ಹುಡಿ ಬೆರೆಸಿದ ಕೆಂಪು ಬಣ್ಣ ಬಳಿದಿದ್ದರು. ಬೆಳಕು ಬಿದ್ದರೆ ಸಾಕು, ಎಣ್ಣೆಗೈಯ ಗುರುತು, ಸಾರಿನ ಕಲೆ, ಎಲ್ಲವನ್ನೂ ಗೋಡೆ ಸಂಜೆಯೊಳಗೆ ತಿಂದು ಮುಗಿಸುತ್ತಿತ್ತು. ಏಳು ವರ್ಷದ ದಾನಿ ಬರೆದ ಒಂದು ಚಿತ್ರವೂ ಉಳಿದಿರಲಿಲ್ಲ. ಅವಳಮ್ಮ ಸುಮಂಗಲಾಗೆ ಅದೇ ನೆಮ್ಮದಿ, ಒರೆಸುವ ಕೆಲಸವೊಂದು ಕಡಿಮೆ.

ಭಾನುವಾರ ಬೆಳಿಗ್ಗೆ, ಬಿದ್ದುಹೋದ ಕಿವಿಯೋಲೆ ಹುಡುಕಲು ಅವಳು ಬೀರು ಸರಿಸಿದರೆ ಹಿಂದೆ ಒಂದು ಆನೆ ನಿಂತಿತ್ತು. ನೀಲಿ ಕ್ರೆಯಾನಿನದು, ಕಾಲು ಐದು.

"ನಿಂದೇನೇ ಇದು?"

"ನಾನ್ಯಾಕೆ ಐದು ಕಾಲು ಬರೀಲಿ?"

ಹಾಗಾದರೆ ಮೊದಲಿದ್ದವರ ಮಗುವಿನದು. ಮನೆಯ ಜೊತೆಗೇ ಬಂದ ಬೀರುವಿನ ಹಿಂದಿನ ಕತ್ತಲು ಅದನ್ನು ಕಾಪಾಡಿತ್ತು. ಈಗ ಕಿಟಕಿಯ ಬಿಸಿಲು ತಾಗಿ ಬಾಲ ಮಸುಕಾಗತೊಡಗಿತ್ತು.

"ಅಮ್ಮಾ, ಅಳಿಸೋಗುತ್ತೆ, ಬೀರು ತಳ್ಳು."

"ಓಲೆ ಸಿಕ್ಕಿಲ್ಲ ಕಣೇ."

"ಆಮೇಲೆ ಹುಡುಕಣ."

ಸುಮಂಗಲಾ ಬೀರುವಿಗೆ ಭುಜ ಕೊಟ್ಟವಳು ಯಾಕೋ ನಿಂತಳು. ಹೋಗಿ ಕಿಟಕಿಯ ಪರದೆ ಎಳೆದು, "ಬೇಗ ಬರಿ, ನೀನೂ ಒಂದು," ಎಂದಳು.

ದಾನಿ ಆನೆಯ ಪಕ್ಕದಲ್ಲೇ ಪುಟ್ಟದೊಂದು ಆನೆ ಬರೆದಳು. ಸುಮಂಗಲಾ ಬಗ್ಗಿ ನೋಡಿದಳು.

"ಇದಕ್ಕೂ ಐದು ಕಾಲಾ?"

"ಅದ್ರ ಮರಿ ಅಲ್ವಾ ಅಮ್ಮ."

ಸುಮಂಗಲಾ ಬೀರುವನ್ನು ಮೆಲ್ಲಗೆ ಒತ್ತಿ ಗೋಡೆಗೆ ಸೇರಿಸಿದಳು. ಓಲೆಯ ನೆನಪಾದದ್ದು ಮಧ್ಯಾಹ್ನದ ಊಟಕ್ಕೆ ಕೂತ ಮೇಲೆ.