ತಳ್ಳಿದ ತಟ್ಟೆ

ಥೈರಾಯ್ಡ್ ಸ್ವಲ್ಪ ಜಾಸ್ತಿಯಾಗಿದೆ, ಸಿಟ್ಟು, ಎದೆಬಡಿತ ಎಲ್ಲ ಅದರದ್ದೇ, ಮಾತ್ರೆಯಲ್ಲಿ ಇಳಿಯುತ್ತದೆ ಎಂದಿದ್ದರು ಡಾಕ್ಟರು. ಮಾತ್ರೆಯಿಂದ ಇನ್ನೇನಾದೀತೋ ಎಂಬ ಹೆದರಿಕೆಯಲ್ಲೇ ಸೊಸೆ ಅದನ್ನು ನುಂಗಿ ಬಡಿಸಲು ನಿಂತಳು.

ಸಾರಿಗೆ ಉಪ್ಪಿಲ್ಲವೆಂದು ಮಾವ ಎಂದಿನಂತೆ ತಟ್ಟೆ ತಳ್ಳಿದರು. ಅವಳು ಉಪ್ಪಿನ ಡಬ್ಬಿಯನ್ನು ಅವರ ಮುಂದೆ ಕುಕ್ಕಿದಳು.

"ಕೈಯಿದೆಯಲ್ಲ, ಹಾಕ್ಕೊಳ್ಳಿ. ಇನ್ನೊಂದ್ಸಲ ತಟ್ಟೆ ತಳ್ಳಿದ್ರೆ ಊಟಾನೇ ಇಲ್ಲ."

ಮಾವ ತಟ್ಟೆಯನ್ನು ಮೆಲ್ಲಗೆ ಎಳೆದುಕೊಂಡರು. "ಅವಳ ತಪ್ಪಲ್ಲ ಬಿಡು, ಪಾಪ. ಥೈರಾಯ್ಡು," ಎಂದರು ಹೆಂಡತಿಗೆ.

ಸೊಸೆ ಅಡುಗೆಮನೆಗೆ ಬಂದಳು. ಅಂಥ ತಟ್ಟೆಗಳನ್ನು ಇಷ್ಟು ವರ್ಷ ತುಟಿಪಿಟಕ್ಕೆನ್ನದೆ ಎತ್ತಿದ್ದ ಅತ್ತೆ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದರು.

"ನೀವೂ ಬೈಯೋಕೆ ಬಂದ್ರಾ?" ಅವಳು ಸಿಡುಕಿದಳು.

ಅತ್ತೆ ದನಿ ತಗ್ಗಿಸಿದರು. "ನಂಗೂ ಥೈರಾಯ್ಡ್ ಇದೆ ಅಂತ ಆ ಡಾಕ್ಟ್ರ ಕೈಲಿ ಹೇಳಿಸ್ತೀಯೇನಮ್ಮ?"