ಅಯ್ಯನವರ ಪಾದದಲ್ಲಿ ಮೂರು ಕುಳಿ

ಗುರುಪಾದದ ಬಳಿ ಮನುಷ್ಯನ ಸಕಲ ಪಾಪಗಳೂ ಕರಗುತ್ತವೆಂದು ಹಿರಿಯರು ಹೇಳುತ್ತಾರೆ. ಎಂಟನೆಯ ವಯಸ್ಸಿನಲ್ಲಿ ನಾನು ಪಾಪ ಮಾಡಿದ್ದೇ ಅಲ್ಲಿ. ಮೊನ್ನೆ ಡಾಕ್ಟರು ನನ್ನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ, ಉಳಿದ ಕುಳಿಯನ್ನು ನೋಡಿ, ಹೃದಯದ ಬಗ್ಗೆ ವಿಚಾರಿಸಿದಾಗ ಆ ಮಧ್ಯಾಹ್ನ ನೆನಪಾಯಿತು.

ಭೂಕಂಪವಾಗಿ ತಿಂಗಳಾಗಿತ್ತು. ಉಮರ್ಗಾದ ನಮ್ಮ ಮನೆಯ ಗೋಡೆಗಳನ್ನು ಯಾರೂ ನಂಬುತ್ತಿರಲಿಲ್ಲ. ಹಾಗಾಗಿ ಮನೆತನದ ಗುರು, ತುರೋರಿಯ ಅಯ್ಯನವರ ಪಾದಪೂಜೆ ಅಂಗಳದ ತಗಡಿನ ನೆರಳಲ್ಲಿ ನಡೆಯಿತು. ಅಜ್ಜಿ ಪಾದ ತೊಳೆದಳು. ವಿಭೂತಿ ಹಚ್ಚುವ ಘನಕಾರ್ಯ ನನ್ನ ಪಾಲಿಗೆ ಬಂತು. ಪಾದ ತಣ್ಣಗಿತ್ತು, ನುಣ್ಣಗೆ ಉಬ್ಬಿತ್ತು. ಭಕ್ತಿ ಹೆಚ್ಚಾಗಿ ಗಟ್ಟಿಯಾಗಿ ಒತ್ತಿದೆ. ಬೆರಳೆತ್ತಿದರೆ ನಾದಿದ ಹಿಟ್ಟಿನಲ್ಲಿ ಉಳಿದಂತೆ ಮೂರು ಕುಳಿಗಳು ಉಳಿದವು. ಕಾದೆ, ತುಂಬಲಿಲ್ಲ. ಗುರುವಿನ ಕಾಲು ಕೆಡಿಸಿಬಿಟ್ಟೆನೆಂದು ಅಜ್ಜಿಯ ಸೆರಗು ಜಗ್ಗಿದೆ.

"ಅಜ್ಜಿ, ಕಾಲಾಗ ತೆಗ್ಗ ಬಿದ್ದಾವ."

"ಬಾಯಿ ಮುಚ್ಚ. ಪಾದದಾಗ ಕುಂದ ಹುಡುಕ್ತಿ?" ಎಂದು ಅಜ್ಜಿ ಕುಳಿಗಳ ಮೇಲೆ ಇನ್ನಷ್ಟು ವಿಭೂತಿ ಬಳಿದಳು. ಆಮೇಲೆ ಅಯ್ಯನವರಿಗೆ, "ರಾತ್ರಿಯೆಲ್ಲಾ ಕುಂತೇ ಇರ್ತೀರಂತಲ್ರೀ, ಊರ ಕಾಯಾಕ?" ಎಂದಳು.

"ನಾ ಏನ್ ಚೌಕೀದಾರ ಏನವ್ವಾ?" ಅಯ್ಯನವರು ಉಸಿರು ಹುಡುಕುತ್ತ ನಕ್ಕರು. "ಮಲಗಿದ್ರ ದಮ್ಮ ಕಟ್ಟತದ."

"ಭೂಕಂಪದ ಅಂಜಿಕಿ ರೀ. ಎಲ್ಲಾರಿಗೂ ಅದ."

ಪಾದ ತೊಳೆದ ನೀರನ್ನು ತೀರ್ಥವೆಂದು ಹಂಚಿದಾಗ, ಪಾಪ ಪರಿಹಾರಕ್ಕೆಂದು ನಾನು ಮೂರು ಸಲ ಕೈಯೊಡ್ಡಿ ಕುಡಿದೆ. ಕುಳಿಗಳ ವಿಷಯ ಮತ್ತೆ ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ತುರೋರಿಯಲ್ಲಿ, ಕಂಬಕ್ಕೊರಗಿ ಕುಳಿತಲ್ಲೇ ಅಯ್ಯನವರು ತೀರಿಕೊಂಡರು.